ನೆನಪಿನಿಂದ ಹಳ್ಳಿಯನ್ನು ಬರೆದ ಎಂ. ಎನ್. ಶ್ರೀನಿವಾಸ್

ಮಾನವಶಾಸ್ತ್ರವೆಂದರೆ ಕಾಡಿನಲ್ಲಿ ವಾಸಿಸುವ ಜನರ ಬಗೆಗಿನ ಶಾಸ್ತ್ರವೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ನಮ್ಮಂಥ ಹಳ್ಳಿಯ ಜಗಲಿ, ಗದ್ದೆ, ಪಂಚಾಯಿತಿ ಕಟ್ಟೆಗಳೂ ಆ ಶಾಸ್ತ್ರದ ವಿಷಯವೇ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ಮೈಸೂರಿನ ಎಂ. ಎನ್. ಶ್ರೀನಿವಾಸ್.

ಮನುಷ್ಯನನ್ನು ಇಡಿಯಾಗಿ ಅರಿಯುವುದೇ ಮಾನವಶಾಸ್ತ್ರ. ದೇಹರಚನೆ ಮತ್ತು ವಿಕಾಸವನ್ನು ನೋಡುವುದು ಭೌತಿಕ ಮಾನವಶಾಸ್ತ್ರ. ಹಿಂದಿನವರು ಬಿಟ್ಟುಹೋದ ಕುರುಹುಗಳನ್ನು ಅಗೆದು ನೋಡುವುದು ಪುರಾತತ್ತ್ವ. ನುಡಿಯನ್ನು ನೋಡುವುದು ಭಾಷಾ ಮಾನವಶಾಸ್ತ್ರ. ಕುಟುಂಬ, ಜಾತಿ, ಹಬ್ಬ, ನಂಬಿಕೆಗಳನ್ನು ನೋಡುವುದು ಸಾಮಾಜಿಕ ಮಾನವಶಾಸ್ತ್ರ. ಶ್ರೀನಿವಾಸರು ನಡೆದದ್ದು ಈ ಕೊನೆಯ ದಾರಿಯಲ್ಲಿ.

ಅವರು ಹುಟ್ಟಿದ್ದು 1916ರ ನವೆಂಬರ್ 16ರಂದು. ಮಕ್ಕಳ ಓದಿಗಾಗಿ ತಂದೆ ಅರಕೆರೆಯನ್ನು ಬಿಟ್ಟು ಮೈಸೂರಿಗೆ ಬಂದು ನೆಲೆಸಿದ್ದರು. ಮನೆಯ ಹಿಂದೆಯೇ ಕುರುಬರ ಬಂಡಿಕೇರಿ. ಒಂದೇ ಊರಿನಲ್ಲಿ, ಕೂಗಳತೆಯ ದೂರದಲ್ಲಿ, ಬೇರೆಯೇ ರೀತಿಯ ಬದುಕನ್ನು ಬಾಲಕ ಕಂಡದ್ದು ಅಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಓದು ಮುಗಿಸಿ ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಅವರ ಮೊದಲ ಪುಸ್ತಕ 1942ರಲ್ಲಿ ಬಂತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಅವರ ಬಳಿ ಕಲಿತರು. ಕೊಡವರನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಗಿ ಹೆಸರು ತಂದಿತು. ಕೆಳಗಿನದೆನಿಸಿಕೊಂಡ ಜಾತಿಯೊಂದು ಮೇಲಿನವರ ಆಚಾರ, ಆಹಾರ, ಪೂಜಾಕ್ರಮಗಳನ್ನು ಅನುಸರಿಸುತ್ತಾ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವುದನ್ನು ಅವರು ಸಂಸ್ಕೃತೀಕರಣವೆಂದು ಕರೆದರು. ಜಾತಿಯ ಮೆಟ್ಟಿಲು ಕಲ್ಲಿನಲ್ಲಿ ಕೆತ್ತಿದ್ದಲ್ಲ, ಅಲ್ಲಿಯೂ ಚಲನೆಯಿದೆ ಎಂಬುದು ಅವರ ಮಾತಿನ ತಿರುಳು.

1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿ ಸುಮಾರು ಹನ್ನೊಂದು ತಿಂಗಳು ಅಲ್ಲಿಯೇ ಉಳಿದರು. ಅದಕ್ಕೆ ಅವರು ಕೊಟ್ಟ ಹೆಸರು ರಾಂಪುರ. ಪಟೇಲರು ಎತ್ತು ಕಟ್ಟುವ ಮನೆಯಲ್ಲಿ ಅವರಿಗೆ ಜಾಗ ಕೊಟ್ಟರು. ಹಳ್ಳಿಯವರನ್ನು ಅಧ್ಯಯನ ಮಾಡಲು ಬಂದವರನ್ನು ಹಳ್ಳಿಯೂ ಅಧ್ಯಯನ ಮಾಡುತ್ತಿತ್ತು! ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡ ಬ್ರಾಹ್ಮಣ ಯುವಕನಿಗೆ, ಕ್ಷೌರ ಮೊದಲು, ಸ್ನಾನ ಆಮೇಲೆ ಎಂದು ಹಿರಿಯರೇ ತಿದ್ದಿದರಂತೆ. ಸಂಖ್ಯೆ, ಭೂಮಿ, ಅಧಿಕಾರಗಳಲ್ಲಿ ಮುಂದಿರುವ ಜಾತಿ ಊರಿನ ವ್ಯವಹಾರವನ್ನು ಹೇಗೆ ನಡೆಸುತ್ತದೆ ಎಂಬುದನ್ನು ಅಲ್ಲಿ ಕಂಡು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ರೂಪಿಸಿದರು. ಇಂದು ಎಲ್ಲರ ಬಾಯಲ್ಲಿರುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನೂ 1950ರ ದಶಕದಲ್ಲಿಯೇ ಬಳಸಿದ್ದರು.

ಬರೋಡಾ ಮತ್ತು ದೆಹಲಿಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದ ಕೆಲಸದ ನಡುವೆ ರಾಂಪುರದ ಪುಸ್ತಕ ಹಿಂದೆ ಬೀಳುತ್ತಲೇ ಹೋಯಿತು. ಕೊನೆಗೆ ಅದನ್ನು ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಅಲ್ಲಿಯ ಅಧ್ಯಯನ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ಹದಿನೆಂಟು ವರ್ಷಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅವರ ಕೋಣೆಯಲ್ಲಿದ್ದವು, ಬೆಂಕಿಗೆ ಆಹುತಿಯಾದವು. ಆಗ ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯುವಂತೆ ಸಲಹೆ ಕೊಟ್ಟರು. ಶ್ರೀನಿವಾಸರು ಧೈರ್ಯ ತಂದುಕೊಂಡು ಬರೆಯಲು ಕುಳಿತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಅಂಕಿಅಂಶಗಳು ಕಡಿಮೆ, ಪಟೇಲರು, ರೈತರು, ಜಗಳ, ನಗೆ, ಸ್ನೇಹ ಎಲ್ಲ ಜೀವಂತವಾಗಿ ಬಂದವು. ಪಟೇಲರ ಆಶ್ರಯದಲ್ಲಿದ್ದುದರಿಂದ ಹರಿಜನರ ಮತ್ತು ಮುಸ್ಲಿಮರ ಬದುಕನ್ನು ಸಾಕಷ್ಟು ಹತ್ತಿರದಿಂದ ನೋಡಲಾಗಲಿಲ್ಲವೆಂಬ ಕೊರತೆಯನ್ನು ಅವರು ಮುಚ್ಚಿಡಲಿಲ್ಲ.

1972ರಲ್ಲಿ ಬೆಂಗಳೂರಿಗೆ ಬಂದು, ವಿ. ಕೆ. ಆರ್. ವಿ. ರಾವ್ ಅವರೊಂದಿಗೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟುವಲ್ಲಿ ದುಡಿದರು. 1977ರಲ್ಲಿ ಪದ್ಮಭೂಷಣ ಬಂತು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು.

ಟಿಪ್ಪಣಿಗಳು ಸುಟ್ಟರೂ ಹಳ್ಳಿ ಉಳಿದದ್ದು, ನೆನಪಿಟ್ಟುಕೊಂಡವರು ಬರೆದದ್ದರಿಂದ. ನಮ್ಮ ಊರಿನ ಹಿರಿಯರ ನೆನಪುಗಳಿಗೆ ಇನ್ನೂ ಒಂದು ಪ್ರತಿಯೂ ಇಲ್ಲ. ಊರಿನ ಎಲ್ಲ ಕೇರಿಗಳ ಅಜ್ಜ ಅಜ್ಜಿಯರ ಬಳಿ ಕುಳಿತು, ಕೇಳಿ, ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈ ಸುವರ್ಣ ಮಹೋತ್ಸವದ ವರ್ಷದಲ್ಲಿಯೇ ಆರಂಭಿಸಲಿ.