ಮುಂದಿನ ಭಾಷೆ ಯಾವುದು? ವಿಲಿಯಂ ಜೋನ್ಸ್ ಕಂಡುಕೊಂಡ ಉತ್ತರ

ಇನ್ನೊಂದು ಭಾಷೆ ಕಲಿಯಬೇಕು, ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳುವವರು ನಮ್ಮ ನಗರಗಳಲ್ಲಿ ಈಗ ಕಡಿಮೆಯೇನಿಲ್ಲ. ಫ್ರೆಂಚ್ ಆದರೆ ಅಂಕ ಗಳಿಸುವುದು ಸುಲಭ, ಜರ್ಮನ್ ಆದರೆ ಉನ್ನತ ವ್ಯಾಸಂಗಕ್ಕೆ ಅನುಕೂಲ, ಜಪಾನಿ ಆದರೆ ಉದ್ಯೋಗಕ್ಕೆ ದಾರಿ ಎಂಬ ಲೆಕ್ಕಾಚಾರ ಪೋಷಕರ ನಡುವೆ ನಡೆಯುತ್ತಲೇ ಇರುತ್ತದೆ. ಈ ಲೆಕ್ಕಾಚಾರವನ್ನು ನಾನು ಹಳಿಯಲಾರೆ. ಹೊಟ್ಟೆಪಾಡಿನ ವಿದ್ಯೆಗೂ ಅದರದೇ ಆದ ಘನತೆ ಇದೆ. ಆದರೆ ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ 18ನೇ ಶತಮಾನದ ಒಬ್ಬ ನ್ಯಾಯಾಧೀಶರು ನೆನಪಾಗುತ್ತಾರೆ. 28 ಭಾಷೆಗಳ ಪರಿಚಯವಿದ್ದ ಸರ್ ವಿಲಿಯಂ ಜೋನ್ಸ್, ಮುಂದೆ ತಮಗೆ ಕೀರ್ತಿ ತಂದುಕೊಟ್ಟ ಭಾಷೆಯನ್ನು ಮೊದಲು ಬೇಡವೆಂದೇ ಬದಿಗಿಟ್ಟಿದ್ದರು.

ಜೋನ್ಸ್ ಹುಟ್ಟಿದ್ದು 1746ರಲ್ಲಿ, ಲಂಡನ್ನಿನಲ್ಲಿ. ತಂದೆ ವೇಲ್ಸ್ ಸೀಮೆಯಿಂದ ಬಂದ ಗಣಿತಜ್ಞ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು 'ಪೈ' ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುವ ಪದ್ಧತಿಯನ್ನು 1706ರಲ್ಲಿ ತಂದವರು. ಮಗ ಹಸುಳೆಯಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿಯ ಆರೈಕೆಯಲ್ಲಿ ಬೆಳೆದ ಹುಡುಗ ಹ್ಯಾರೋ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್‌ಗಳಲ್ಲಿ ಪಳಗಿದ. ಆಕ್ಸ್‌ಫರ್ಡ್ ಸೇರಿದ ಮೇಲೆ ಅರಬ್ಬಿಯ ಹುಚ್ಚು ಹಿಡಿಯಿತು. ಅಲೆಪ್ಪೊ ನಗರದವನೊಬ್ಬನನ್ನು ಲಂಡನ್ನಿನಿಂದ ಕರೆತಂದು, ತನ್ನ ಖರ್ಚಿನಲ್ಲಿಯೇ ಇರಿಸಿಕೊಂಡು ಉಚ್ಚಾರಣೆ ಕಲಿತ. ಅರಬ್ಬಿಯಿಂದ ಪಾರಸಿಗೆ ದಾರಿ ತೆರೆಯಿತು. ಡೆನ್ಮಾರ್ಕಿನ ದೊರೆಯ ಕೋರಿಕೆಯಂತೆ ನಾದಿರ್ ಷಾನ ಚರಿತ್ರೆಯನ್ನು ಪಾರಸಿಯಿಂದ ಫ್ರೆಂಚಿಗೆ ಅನುವಾದಿಸಿದ್ದು 1770ರಲ್ಲಿ ಪ್ರಕಟವಾಯಿತು. ಮರುವರ್ಷವೇ ಪಾರಸಿಯ ವ್ಯಾಕರಣ ಹೊರಬಂತು. ಆಗ ಅವರಿಗೆ ಇನ್ನೂ 25 ವರ್ಷ.

ಇಷ್ಟಾದರೂ ಭಾಷೆಗಳು ಅನ್ನ ಕೊಡಲಿಲ್ಲ. ಜೋನ್ಸ್ ಕಾನೂನು ಓದಿ 1774ರಲ್ಲಿ ವಕೀಲರಾದರು. ಪೌರಸ್ತ್ಯ ಭಾಷೆಗಳ ವ್ಯಾಸಂಗ ಬಹುಮಟ್ಟಿಗೆ ಹಿಂದೆ ಸರಿಯಿತು. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಹುದ್ದೆಗಾಗಿ ವರ್ಷಗಟ್ಟಲೆ ಕಾದರು. ವರ್ಷಕ್ಕೆ 6000 ಪೌಂಡ್ ಸಂಬಳದ ಆ ಹುದ್ದೆ 1783ರಲ್ಲಿ ದೊರೆಯಿತು. ಅದೇ ವರ್ಷ ಮದುವೆಯಾಗಿ, ಪತ್ನಿಯೊಡನೆ ಭಾರತಕ್ಕೆ ಬಂದಿಳಿದರು. 1784ರ ಜನವರಿಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದರು.

ಸಂಸ್ಕೃತದ ಪ್ರಶ್ನೆ ಎದುರಾದದ್ದು ಆಗ. ಕಂಪನಿಯ ನೌಕರ ಚಾರ್ಲ್ಸ್ ವಿಲ್ಕಿನ್ಸ್ ಆ ಭಾಷೆಯಲ್ಲಿ ಆಗಲೇ ಬಹು ಮುಂದೆ ಹೋಗಿದ್ದರು. ಅದನ್ನು ಅವರ ಪಾಲಿಗೇ ಬಿಡುವುದು ಲೇಸೆಂದು ಜೋನ್ಸ್ ತೀರ್ಮಾನಿಸಿದರು. ವಯಸ್ಸು ನಲವತ್ತರ ಸಮೀಪ, ಕೋರ್ಟಿನ ಕೆಲಸ ಕೈತುಂಬ. ಹೊಸ ಭಾಷೆಯೊಂದರ ಧಾತು, ವಿಭಕ್ತಿಗಳನ್ನು ಉರುಹೊಡೆಯುವಷ್ಟು ಆಯುಷ್ಯ ಉಳಿದಿಲ್ಲ ಎಂಬುದು ಅವರ ಎಣಿಕೆ. ವಿವೇಕಿಗಳು ಮಾಡುವ ಎಣಿಕೆಯೇ ಅದು.

ಆ ಎಣಿಕೆಯನ್ನು ತಲೆಕೆಳಗು ಮಾಡಿದ್ದು ನ್ಯಾಯಪೀಠ. ಹಿಂದೂಗಳ ಉತ್ತರಾಧಿಕಾರ, ಒಪ್ಪಂದಗಳ ವ್ಯಾಜ್ಯಗಳನ್ನು ಅವರ ಶಾಸ್ತ್ರದ ಪ್ರಕಾರ, ಮುಸ್ಲಿಮರ ವ್ಯಾಜ್ಯಗಳನ್ನು ಅವರ ಧರ್ಮಸಂಹಿತೆಯ ಪ್ರಕಾರ ಇತ್ಯರ್ಥಪಡಿಸಬೇಕೆಂದು 1781ರ ಕಾಯಿದೆ ವಿಧಿಸಿತ್ತು. ಅರಬ್ಬಿ ಬಲ್ಲ ಜೋನ್ಸ್ ಎರಡನೆಯದನ್ನು ತಾವೇ ಓದಿ ತಿಳಿಯಬಲ್ಲವರಾಗಿದ್ದರು. ಮೊದಲನೆಯದಕ್ಕೆ ಕೋರ್ಟಿನ ಪಂಡಿತರ ಮಾತೇ ಆಧಾರ. ಇಂಗ್ಲಿಷಿನಲ್ಲಿದ್ದ ಹಾಲ್‌ಹೆಡ್‌ರ 1776ರ ಸಂಹಿತೆಯೋ ಸಂಸ್ಕೃತದಿಂದ ಪಾರಸಿಗೆ, ಪಾರಸಿಯಿಂದ ಇಂಗ್ಲಿಷಿಗೆ ಎರಡು ಸಲ ಸೋಸಿ ಬಂದದ್ದು. ಮನೆ, ಹೊಲ, ವಿಧವೆಯ ಜೀವನಾಂಶಗಳಂಥ ವಿಷಯಗಳಲ್ಲಿ ತಾನು ಓದಲಾರದ ಗ್ರಂಥವನ್ನು ನೆಚ್ಚಿ ತೀರ್ಪು ಕೊಡುವುದು ಜೋನ್ಸ್‌ರಿಗೆ ಸಹಿಸಲಾರದ ಸಂಗತಿಯಾಯಿತು.

ಇದರಲ್ಲಿ ನ್ಯಾಯನಿಷ್ಠೆಯ ಜೊತೆಗೆ, ಪಂಡಿತರು ತಮ್ಮನ್ನು ದಾರಿ ತಪ್ಪಿಸಬಹುದೆಂಬ ಆಳುವವನ ಸಂಶಯವೂ ಇತ್ತೆಂಬುದನ್ನು ನಾನು ಮರೆಮಾಚಲಾರೆ. ಅವರು ಕಟ್ಟಿದ ಸೊಸೈಟಿ 1829ರವರೆಗೂ ಒಬ್ಬ ಭಾರತೀಯನನ್ನೂ ಸದಸ್ಯನನ್ನಾಗಿ ಸೇರಿಸಿಕೊಳ್ಳಲಿಲ್ಲ. ಆದರೆ ಸಂಶಯದಿಂದ ಹೊರಟವರು ಶಿಷ್ಯರಾಗಬೇಕಾಯಿತು. 1785ರಲ್ಲಿ ಕೃಷ್ಣನಗರಕ್ಕೆ ಹೋದ ಜೋನ್ಸ್, ಬ್ರಾಹ್ಮಣ ಗುರುಗಳು ಸಿಗದಿದ್ದಾಗ ವೈದ್ಯ ಕುಲದ ರಾಮಲೋಚನ ಪಂಡಿತರ ಮುಂದೆ ಕುಳಿತು ಅಕ್ಷರಾಭ್ಯಾಸದಿಂದ ಆರಂಭಿಸಿದರು.

ಫಲ ಬಂದದ್ದು ಅವರು ಬಯಸಿದ ದಿಕ್ಕಿನಿಂದಲ್ಲ. ಕಲಿಕೆ ಆರಂಭಿಸಿದ ಕೆಲವೇ ತಿಂಗಳಿಗೆ, 1786ರ ಫೆಬ್ರುವರಿ 2ರಂದು ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಉಳಿದಿರದ ಒಂದು ಮೂಲದಿಂದ ಕವಲೊಡೆದವು ಎಂಬ ವಿಚಾರವನ್ನು ಅವರು ಮುಂದಿಟ್ಟರು. ಹೋಲಿಕೆಗಳನ್ನು ಗುರುತಿಸಿದವರು ಮುಂಚೆಯೂ ಇದ್ದರು. ಆದರೆ ತೌಲನಿಕ ಭಾಷಾವಿಜ್ಞಾನದ ಚರಿತ್ರೆ ಬರೆಯುವವರು ಇಂದಿಗೂ ಆ ಭಾಷಣದ ಬಳಿ ನಿಲ್ಲುತ್ತಾರೆ. ಕಾಳಿದಾಸನ ಶಾಕುಂತಲವನ್ನು ಮೊದಲು ಲ್ಯಾಟಿನ್ನಿಗೆ ಪದಶಃ ಇಳಿಸಿ, ಅಲ್ಲಿಂದ ಇಂಗ್ಲಿಷಿಗೆ ತಂದು 1789ರಲ್ಲಿ ಪ್ರಕಟಿಸಿದರು. ಅದರಿಂದ ಜರ್ಮನ್ ಭಾಷೆಗೆ ಹೋದ ಅನುವಾದ ಗಯಟೆಯನ್ನು ಮುಟ್ಟಿತು. ಮನುಸ್ಮೃತಿಯ ಇಂಗ್ಲಿಷ್ ಅನುವಾದ ಬಂದದ್ದು 1794ರಲ್ಲಿ.

ತಮಗೆ ಬರುವ ಭಾಷೆಗಳ ಪಟ್ಟಿಯನ್ನು ಜೋನ್ಸ್ ಸ್ವತಃ ಬರೆದಿಟ್ಟಿದ್ದಾರೆ. ನನ್ನ ಮಟ್ಟಿಗೆ ಅವರ ಬರವಣಿಗೆಯಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು ಅದೇ. ಆಳವಾಗಿ ಕಲಿತದ್ದು 8. ನಿಘಂಟಿನ ನೆರವಿನಿಂದ ಓದಬಲ್ಲದ್ದು 8. ಅಲ್ಪಸ್ವಲ್ಪ ತಿಳಿದದ್ದು 12. ತಂದೆಯ ನಾಡಿನ ವೆಲ್ಶ್ ಇರುವುದು ಆ ಕೊನೆಯ ಗುಂಪಿನಲ್ಲಿ, ಟಿಬೆಟನ್, ಚೀನಿ, ಕಾಪ್ಟಿಕ್‌ಗಳ ನಡುವೆ. ಪಟ್ಟಿಯಲ್ಲಿ ಬಂಗಾಳಿ, ಹಿಂದಿಗಳಿವೆ. ಕನ್ನಡವಾಗಲಿ, ತಮಿಳಾಗಲಿ, ತೆಲುಗಾಗಲಿ, ಮಲಯಾಳವಾಗಲಿ ಇಲ್ಲ.

ದೋಷಾರೋಪಣೆಗಾಗಿ ಇದನ್ನು ಹೇಳುತ್ತಿಲ್ಲ; ಬಂಗಾಳದ ನ್ಯಾಯಾಧೀಶರಿಗೆ ದಕ್ಷಿಣದ ಭಾಷೆಗಳ ಅಗತ್ಯ ಬೀಳಲಿಲ್ಲ. ಆದರೆ ಆ ಗೈರುಹಾಜರಿಗೆ ಬೆಲೆ ತೆರಬೇಕಾಯಿತು. ಭಾರತದ ಭಾಷೆಗಳೆಲ್ಲ ಸಂಸ್ಕೃತದಿಂದಲೇ ಹುಟ್ಟಿದವೆಂಬ ನಂಬಿಕೆ ಅವರ ನಂತರವೂ ಕಲ್ಕತ್ತೆಯ ವಿದ್ವತ್ ವಲಯದಲ್ಲಿ ಬಲವಾಗಿಯೇ ಇತ್ತು. ಅದನ್ನು ಪ್ರಶ್ನಿಸಿದ್ದು ಮದರಾಸಿನ ಕಲೆಕ್ಟರ್ ಎಫ್. ಡಬ್ಲ್ಯು. ಎಲ್ಲಿಸ್. ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು 1812ರಲ್ಲಿ ಆರಂಭವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಪಂಡಿತರೊಡನೆ ಕೆಲಸ ಮಾಡಿದ ಅವರು, ತೆಲುಗು, ಕನ್ನಡ, ತಮಿಳುಗಳ ಧಾತುಗಳನ್ನು ಸಾಲಾಗಿ ಇಟ್ಟು, ಇವು ಬೇರೆಯೇ ಕುಟುಂಬದ ಭಾಷೆಗಳೆಂದು 1816ರಲ್ಲಿ ತೋರಿಸಿದರು. ಜೋನ್ಸ್ ಭಾಷಣಕ್ಕೆ ಆಗ ಸರಿಯಾಗಿ 30 ವರ್ಷ.

ಜೋನ್ಸ್ 1794ರ ಏಪ್ರಿಲ್ 27ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು, ವಯಸ್ಸು 47. ಅನಾರೋಗ್ಯದಿಂದ ಪತ್ನಿ ಮುಂಚೆಯೇ ಊರಿಗೆ ಮರಳಿದ್ದರೂ, ಹಿಡಿದ ಧರ್ಮಶಾಸ್ತ್ರದ ಕೆಲಸ ಮುಗಿಸಲೆಂದು ಅವರು ಇಲ್ಲಿಯೇ ಉಳಿದಿದ್ದರು. ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿ ಇಂದಿಗೂ ಇದೆ.

ಮುಂದಿನ ಭಾಷೆ ಯಾವುದೆಂದು ಕೇಳುವವರಿಗೆ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ಈಗ ನೀವು ಯಾರ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುತ್ತಿದ್ದೀರಿ? ವೈದ್ಯರಿಗೆ ಅದು ರೋಗಿಯ ಭಾಷೆಯಾಗಿರಬಹುದು, ಸಂಶೋಧಕರಿಗೆ ಮೂಲಗ್ರಂಥದ ಭಾಷೆ, ನಮ್ಮ ನಗರದ ಅನೇಕರಿಗೆ ಮನೆಗೆಲಸಕ್ಕೆ ಬರುವವರ ಭಾಷೆ. ಆ ಉತ್ತರ ಫ್ರೆಂಚ್ ಎಂದೇ ಆದರೆ ಧಾರಾಳವಾಗಿ ಫ್ರೆಂಚ್ ಕಲಿಯಲಿ. ಉದ್ಯೋಗಗಳ ಮಾರುಕಟ್ಟೆ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ತೀರ್ಪು ಕೊಡಬೇಕಾದ ಕುರ್ಚಿಯಲ್ಲಿ ಕುಳಿತವರು ಎದುರಿಗಿರುವವರ ಮಾತನ್ನು ನೇರವಾಗಿ ಅರಿಯಬೇಕಾದ ಅಗತ್ಯ ಮಾತ್ರ ಜೋನ್ಸ್ ಕಾಲದಲ್ಲಿ ಇದ್ದಂತೆಯೇ ಇದೆ.