ಕಲ್ಲಚ್ಚಿನ ಸಂಪಾದಕ ಹರ್ಮನ್ ಮೊಗ್ಲಿಂಗ್

ರೊದ್ದಂ, ಪೆನುಕೊಂಡ, ಹಿಂದೂಪುರಗಳು 1882ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಕನ್ನಡದ ಮೊದಲ ವೃತ್ತಪತ್ರಿಕೆ ತನ್ನ ಎರಡನೆಯ ನೆಲೆಯನ್ನು ಕಂಡುಕೊಂಡದ್ದು ಆ ಬಳ್ಳಾರಿಯಲ್ಲಿಯೇ. ನಮ್ಮ ಸೀಮೆಯ ಕನ್ನಡ ವಿದ್ಯಾರ್ಥಿಗಳಲ್ಲಿ ಈ ಸಂಗತಿಯನ್ನು ಬಲ್ಲವರು ವಿರಳ.

ಆ ಪತ್ರಿಕೆಯ ಸಂಪಾದಕರಾದ ಹರ್ಮನ್ ಮೊಗ್ಲಿಂಗ್ 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮಿನಲ್ಲಿ ಜನಿಸಿದರು. 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದು, ಕನ್ನಡವನ್ನು ಶ್ರಮಪಟ್ಟು ಕಲಿತರು. ಊರಿನಲ್ಲಿ ಸುದ್ದಿಗೆ ಬರವಿರಲಿಲ್ಲ. ನಂಬತಕ್ಕ ಸುದ್ದಿಗೆ ಬರವಿತ್ತು. ಸರ್ಕಾರದ ಕಾನೂನು, ಪರಊರಿನ ವರ್ತಮಾನ ಎಲ್ಲವೂ ಬಾಯಿಂದ ಬಾಯಿಗೆ ಹರಡುವಾಗ ರೂಪಗೆಡುತ್ತಿದ್ದವು. ಈ ಕೊರತೆಯನ್ನು ನೀಗಲೆಂದು ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಪಕ್ಷಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರ ವರ್ತಮಾನ, ಕಾನೂನು, ದೇಶಾಂತರದ ಸಂಗತಿಗಳೊಡನೆ ಹಾಡು, ಕಥೆಗಳೂ ಇದ್ದವು.

ಮುದ್ರಣ ನಡೆದದ್ದು ಕಲ್ಲಚ್ಚಿನಲ್ಲಿ. ಜಿಡ್ಡಿನ ಮಸಿಯಿಂದ ಬರೆದುದನ್ನು ಕಲ್ಲಿನ ಮೇಲೆ ಮೂಡಿಸಿ, ಒಂದೊಂದು ಪ್ರತಿಗೂ ಕಲ್ಲನ್ನು ತೇವಗೊಳಿಸಿ, ಮತ್ತೆ ಮಸಿ ಸವರಿ, ಕೈಯಿಂದಲೇ ಒತ್ತಬೇಕು. ಇಷ್ಟು ದುಡಿಮೆಯ ಪತ್ರಿಕೆಯನ್ನು ಓದುಗನಿಗೆ ಕೊಟ್ಟದ್ದು ಮಾತ್ರ ಬಿಡಿಕಾಸಿಗೆ. ಬೆಲೆ ಏರಿಸಿದ್ದರೆ ಯಾರಿಗಾಗಿ ಸುದ್ದಿಯನ್ನು ಹೊತ್ತು ತಂದರೋ ಅವರೇ ದೂರವಾಗುತ್ತಿದ್ದರು. ಉಳಿದ ಭಾರವನ್ನು ಹೊತ್ತದ್ದು ಮಿಷನ್ನು. ಹಣ ಮಿಷನ್ನಿನದಾದ ಮೇಲೆ ಅದರ ಧರ್ಮೋದ್ದೇಶವೂ ಪತ್ರಿಕೆಯ ಬೆನ್ನಿಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಓದುಗನಿಂದ ಕಾಸನ್ನು ಕೇಳಿದ್ದು ನನಗೆ ಮಹತ್ವದ್ದಾಗಿ ತೋರುತ್ತದೆ: ಧರ್ಮಕ್ಕೆ ಹಂಚಿದ ಕರಪತ್ರವನ್ನು ಎಸೆಯಬಹುದು, ಕೊಂಡ ಪತ್ರಿಕೆಯನ್ನು ಓದಬೇಕೆನಿಸುತ್ತದೆ.

1844ರಲ್ಲಿ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಮುದ್ರಣವನ್ನು ಸಾಗಿಸಿದರು. ಹೆಸರು ‘ಕನ್ನಡ ಸಮಾಚಾರ’ವಾಯಿತು. ಒಂದು ಊರಿನ ಹೆಸರು ಕಳಚಿ ಇಡೀ ಭಾಷೆಯ ಹೆಸರು ಬಂದಿತಾದರೂ ಪತ್ರಿಕೆ ದೀರ್ಘಕಾಲ ಬಾಳಲಿಲ್ಲ.

ಖರ್ಚನ್ನು ಭರಿಸುವವರು ಯಾರೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ, ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಹಣ ನೀಡಿದರು. ಅನ್ಯಮತದ ಕಾವ್ಯಗಳನ್ನು ಪಾದ್ರಿಯೊಬ್ಬರು ಹೀಗೆ ಉಳಿಸಿಕೊಟ್ಟರು! 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೊಡಗಿನಲ್ಲಿಯೂ ಕೆಲವು ವರ್ಷ ದುಡಿದಿದ್ದ ಮೊಗ್ಲಿಂಗ್ 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು.