ಸೋಲಿನಾಚೆಗೆ ಉಳಿದ ಕಲೆ: ಗುರುದತ್

ಜನ ಮುಗಿಬಿದ್ದು ನೋಡಿದರೆ ಚಿತ್ರ ಗೆದ್ದಿತೆಂದೂ, ನೋಡದಿದ್ದರೆ ಸೋತಿತೆಂದೂ ಹೇಳುವುದು ಲೋಕರೂಢಿ. ಆದರೆ ಬಿಡುಗಡೆಯಾದಾಗ ಜನರು ಕೈಬಿಟ್ಟ ಚಿತ್ರವೇ ಮುಂದೆ ಹಲವು ತಲೆಮಾರುಗಳಿಗೆ ಪಾಠವಾದುದುಂಟು. ಅಂಥ ಚಿತ್ರವನ್ನು ಕೊಟ್ಟವರು ಗುರುದತ್.

ಗುರುದತ್ ಅವರು 1925ನೆಯ ಇಸವಿ ಜುಲೈ 9ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಸಂತಿ. ಬಾಲ್ಯದ ಬಹುಭಾಗ ಕಲ್ಕತ್ತೆಯಲ್ಲಿ ಕಳೆಯಿತು. ಮನೆಯಲ್ಲಿ ಅನುಕೂಲ ಸಾಲದುದರಿಂದ ಕಾಲೇಜು ವಿದ್ಯೆ ಅವರಿಗೆ ಲಭಿಸಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾದ ನನಗೆ ಈ ಸಂಗತಿ ಮನಸ್ಸಿಗೆ ನಾಟಿತು. ಆಲ್ಮೋರದ ಉದಯಶಂಕರರ ಕಲಾಕೇಂದ್ರದಲ್ಲಿ ಅವರು ನೃತ್ಯ ಕಲಿತರು. ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಕೆಲಕಾಲ ಟೆಲಿಫೋನ್ ಆಪರೇಟರ್ ಆಗಿ ದುಡಿದರು. 1944ರಲ್ಲಿ ಪುಣೆಯ ಪ್ರಭಾತ್ ಚಿತ್ರಸಂಸ್ಥೆಯನ್ನು ಸೇರಿದರು. ಅಲ್ಲಿ ದೇವಾನಂದರ ಸ್ನೇಹ ಬೆಳೆಯಿತು. ಆ ಸ್ನೇಹದ ಫಲವಾಗಿ 1951ರಲ್ಲಿ ‘ಬಾಜಿ’ಯನ್ನು ನಿರ್ದೇಶಿಸಿದರು. 1953ರಲ್ಲಿ ಹೆಸರಾಂತ ಗಾಯಕಿ ಗೀತಾ ರಾಯ್ ಅವರ ಕೈಹಿಡಿದರು.

1957ರ ‘ಪ್ಯಾಸಾ’ದಲ್ಲಿ ಅವರು ಲೋಕವು ಗುರುತಿಸದ ಕವಿಯ ಕತೆಯನ್ನು ಹೇಳಿದರು, ಕವಿಯ ಪಾತ್ರವನ್ನು ತಾವೇ ವಹಿಸಿದರು. ಆ ಚಿತ್ರಕ್ಕೆ ಜನಮನ್ನಣೆ ದೊರೆಯಿತು. ಎರಡು ವರ್ಷಗಳ ಅನಂತರ ಬಂದುದು ‘ಕಾಗಜ್ ಕೆ ಫೂಲ್’. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವದು. ಕೀರ್ತಿಯ ಶಿಖರವೇರಿದ ನಿರ್ದೇಶಕನೊಬ್ಬ ಎಲ್ಲವನ್ನೂ ಕಳೆದುಕೊಂಡು, ಬರಿದಾದ ಸ್ಟುಡಿಯೋದಲ್ಲಿ ತನ್ನ ಹಳೆಯ ಕುರ್ಚಿಯ ಮೇಲೆಯೇ ಪ್ರಾಣಬಿಡುವುದು ಅದರ ಕತೆ. ಇದರ ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು. ದೊಡ್ಡ ಕನ್ನಡಿಗಳ ಸಹಾಯದಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದ ಒಳಕ್ಕೆ ಹಾಯಿಸಿ, ಕತ್ತಲೆಯ ನಡುವೆ ಬೆಳಕಿನ ಕಂಬವನ್ನು ನಿಲ್ಲಿಸಿದ ದೃಶ್ಯವನ್ನು ಕಂಡವರು ಮರೆಯಲಾರರು.

ಆದರೆ ಅಂದಿನ ಪ್ರೇಕ್ಷಕರು ಚಿತ್ರವನ್ನು ಮೆಚ್ಚಲಿಲ್ಲ. ಭಾರಿ ನಷ್ಟವಾಯಿತು. ಆಮೇಲೆ ಗುರುದತ್ ಮತ್ತಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಆದರೂ ಕೈಕಟ್ಟಿ ಕೂರದೆ 1960ರಲ್ಲಿ ‘ಚೌದವೀಂ ಕಾ ಚಾಂದ್’, 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳನ್ನು ನಿರ್ಮಿಸಿ, ಅವುಗಳಲ್ಲಿ ಅಭಿನಯಿಸಿದರು. 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ನಿಧನರಾದಾಗ ಅವರಿಗೆ ಕೇವಲ 39 ವರ್ಷ.

ಅವರು ಕಾಣದೆ ಹೋದ ಗೌರವ ಅನಂತರ ಬಂದಿತು. 1980ರ ದಶಕದಲ್ಲಿ ಯೂರೋಪಿನ ರಸಿಕರು ಅವರ ಚಿತ್ರಗಳನ್ನು ನೋಡಿ ತಲೆದೂಗಿದರು. 2005ರಲ್ಲಿ ‘ಟೈಮ್’ ಪತ್ರಿಕೆ ಜಗತ್ತಿನ ನೂರು ಶ್ರೇಷ್ಠ ಚಿತ್ರಗಳಲ್ಲಿ ‘ಪ್ಯಾಸಾ’ವನ್ನು ಎಣಿಸಿತು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದುದು ಅದೇ ಮೊದಲು. ಒಮ್ಮೆ ಸೋತ ‘ಕಾಗಜ್ ಕೆ ಫೂಲ್’ ಇಂದು ಚಿತ್ರಕಲೆಯನ್ನು ಕಲಿಯುವವರಿಗೆ ಪಠ್ಯದಂತಿದೆ.

ಗೆಳೆಯರೇ, ಫಲಿತಾಂಶದ ಹಲಗೆಯ ಮುಂದೆ ಎದೆ ಹಿಡಿದು ನಿಲ್ಲುವವರು ನಾವು. ಒಂದು ದಿನದ ತೀರ್ಪೇ ಕೊನೆಯ ತೀರ್ಪಲ್ಲವೆಂಬುದನ್ನು ಈ ಕಲಾವಿದರ ಜೀವನದಿಂದ ಅರಿತರೆ, ಆ ಹಲಗೆಯ ಮುಂದೆ ನಮ್ಮ ಎದೆ ಅಷ್ಟು ನಡುಗಲಾರದು.